ಶುಕ್ರವಾರದ ಸೋರಿಕೆ

ಆ ಸದ್ದು ಮಂಡ್ಯದ ಗುತ್ತಲಿನ ರಸ್ತೆಯಲ್ಲಿ ಬೇರೆ ಯಾವ ಗಾಡಿಯದೂ ಅಲ್ಲ. ಶಮೀಮ್ ಬಾನು ಅಕ್ಕಿಯ ಮೊರ ಕೆಳಗಿಟ್ಟಳು.

"ಬಂದಳು ನೋಡಿ, ನಿಮ್ಮ ರಾಣಿ."

ಗಂಡ ಗೌಸ್ ಪೀರ್ ಒಗೆದ ಜುಬ್ಬಾ ತೊಟ್ಟು ಮಸೀದಿಗೆ ಹೊರಟಿದ್ದವನು ಬಾಗಿಲಲ್ಲೇ ನಿಂತುಬಿಟ್ಟಿದ್ದ. ಮುಖ ಅರಳಿತ್ತು. ಆ ಅರಳಿದ ಮುಖವೇ ಅವಳನ್ನು ಸುಡುತ್ತಿದ್ದುದು.

ಮನೆಯ ಮಗ್ಗುಲಲ್ಲೇ ಅವನ ಕಾರು ರಿಪೇರಿ ಶೆಡ್ಡು. ಅಂಬಾಸಿಡರು, ಜೀಪು, ಕಬ್ಬಿನ ಟ್ರ್ಯಾಕ್ಟರು ಬರುವ ಜಾಗಕ್ಕೆ ಈ ಎರಡು ಸೀಟಿನ ವಿಲಾಯತಿ ಓಟದ ಕಾರು ಬಂದದ್ದು ಮಳೆಗಾಲದ ಕೊನೆಗೆ. ಓಡಿಸಿಕೊಂಡು ಬಂದವಳು ಮಳವಳ್ಳಿಯ ಕನಕಲಕ್ಷ್ಮಿ. ಶಿವನಸಮುದ್ರದಲ್ಲಿ ಎಂಜಿನಿಯರಾಗಿದ್ದ ಅವಳ ತಂದೆ, ತನ್ನ ದೇಶಕ್ಕೆ ಹೊರಟ ಇಂಗ್ಲಿಷ್ ದೊರೆಯೊಬ್ಬನಿಂದ ಕೊಂಡದ್ದಂತೆ, ಮಗಳಿಗೂ ಓಡಿಸಲು ಕಲಿಸಿದರಂತೆ. ಅವರು ಹೋದ ಮೇಲೆ ಕಾರು ವರ್ಷಗಟ್ಟಲೆ ಕೊಟ್ಟಿಗೆಯಲ್ಲಿ ಕೋಳಿಗಳ ಪಾಲಾಗಿತ್ತು. ಗಂಡ ತಾಲ್ಲೂಕು ಕಚೇರಿಯ ಅಧಿಕಾರಿ, ಆದರೆ ಅವನಿಗೆ ಸೈಕಲ್ ಬಿಟ್ಟು ಬೇರೇನೂ ಬಾರದು.

ಮೊದಲ ಸಲ ಕಾರು ನಿಂತಲ್ಲೆಲ್ಲ ಸೋರಿತು. ಎಂಜಿನ್ನಿನಿಂದ ಎಣ್ಣೆ, ರೇಡಿಯೇಟರಿನಿಂದ ನೀರು, ಚಕ್ರದ ಬುಡದಿಂದ ಬ್ರೇಕ್ ಆಯಿಲು. ಗೌಸ್ ಪೀರ್ ಒಣಗಿ ಬಿರಿದ ರಬ್ಬರನ್ನೆಲ್ಲ ಕಿತ್ತೆಸೆದ. ಬೆಂಡಿನ ಹಾಳೆ ಕತ್ತರಿಸಿ ಎಂಜಿನ್ ಮುಚ್ಚಳದ ಕೆಳಗೆ ಎಣ್ಣೆ ತಡೆಯುವ ಹೊಸ ಪಟ್ಟಿ ಕೂರಿಸಿದ. ಕಾರಿನಡಿ ಹಾಸಿದ್ದ ಬಿಳಿ ಬಟ್ಟೆ ಸಂಜೆಯವರೆಗೂ ಬಿಳಿಯಾಗಿಯೇ ಉಳಿಯಿತು.

"ಆಯ್ತಮ್ಮ. ಇನ್ನು ಒಂದು ತೊಟ್ಟೂ ಬೀಳಲ್ಲ."

"ಗ್ಯಾರಂಟೀನಾ ಮೇಸ್ತ್ರಿ?" ಎಂದಳು ಕನಕಲಕ್ಷ್ಮಿ. ಅವಳ ಮುಖ ಸಪ್ಪಗಾದುದನ್ನು ಶಮೀಮ್ ನೋಡಿದ್ದಳು.

ಮುಂದಿನ ಶುಕ್ರವಾರವೇ ಕಾರು ಮತ್ತೆ ಹಾಜರು. ಅದರ ಮುಂದಿನ ಶುಕ್ರವಾರವೂ. ಒಮ್ಮೆ ಎಂಜಿನ್ ಮುಚ್ಚಳದ ನಟ್ಟು ಸಡಿಲ, ಇನ್ನೊಮ್ಮೆ ನೀರಿನ ಪೈಪಿನ ಕ್ಲಿಪ್ಪು. "ನಾನೇ ಬಿಗಿದಿದ್ದೆ, ಹೆಂಗೆ ಬಿಚ್ಚಿಕೊಂತು?" ಎಂದು ಗೌಸ್ ಪೀರ್ ತಲೆ ಕೆರೆದುಕೊಳ್ಳುತ್ತಿದ್ದ. ಶಮೀಮ್‌ಗೆ ಗೊತ್ತಿತ್ತು. ಅರ್ಧ ಬಿಗಿದರೆ ತಾನೇ ಅವಳು ಮತ್ತೆ ಬರುವುದು?

ಎದುರುಮನೆಯ ಬೆಳ್ಳಮ್ಮನ ಬಾಯಿಗೆ ಬೀಗವಿಲ್ಲ. "ಅಲ್ಲಾ ಕಣಮ್ಮಿ, ಪೆಟ್ರೋಲ್ ರೇಟು ಬೆಂಕಿಯಾಗೋಗದೆ, ಆವಮ್ಮ ವಾರಾ ವಾರಾ ಬತ್ತಳಲ್ಲ! ಸೋರ್ತಿರೋದು ಕಾರೋ, ನಿನ್ ಗಂಡ್ನೋ? ಒಸಿ ಬಗ್ಗಿ ನೋಡ್ಕ."

ಬಗ್ಗಿ ನೋಡುವುದೇನು, ಶಮೀಮ್ ಕಾವಲೇ ಕೂತಳು. ಕನಕಲಕ್ಷ್ಮಿ ಬಂದೊಡನೆ ಜಗುಲಿಗೆ ಕರೆದು ಚಾಪೆ ಹಾಸಿ, ಟೀ ಕೊಟ್ಟು, ಏಳದಂತೆ ಮಾತಿಗೆ ಕಟ್ಟಿಹಾಕುವಳು. ಕೆರಗೋಡಿನ ತವರು, ಬಸ್ಸಿನಲ್ಲಿ ಕಳೆದುಹೋದ ಮೇಕೆ, ಮದುವೆಯ ದಿನ ಮದುಮಗನ ಚಪ್ಪಲಿ ಹೊತ್ತೊಯ್ದ ನಾಯಿ, ಬಾಯಿಗೆ ಬಂದದ್ದೆಲ್ಲ. ಕನಕಲಕ್ಷ್ಮಿ ಸೆರಗಿನಲ್ಲಿ ಬಾಯಿ ಮುಚ್ಚಿ ನಗುವಳು. ಎಂಥ ನಾಟಕಗಾತಿ, ಎಂದುಕೊಳ್ಳುವಳು ಶಮೀಮ್. ಗೌಸ್ ಪೀರ್ ಬೆಂಡಿನ ಹಾಳೆಗೆಂದು ಮದ್ದೂರಿಗೆ ಹೋದ ದಿನವೂ ಕನಕಲಕ್ಷ್ಮಿ ಹೊತ್ತು ಮುಳುಗುವ ತನಕ ಕದಲಿರಲಿಲ್ಲ. ಅವನಿಗಾಗಿ ಕಾದಳಲ್ಲ!

ಇವತ್ತೂ ಅದೇ ಚಾಪೆ.

"ಮೇಸ್ತ್ರಿ ನಮಾಜಿಗೆ ಹೊರಟ್ರಾ? ನಿಧಾನವಾಗಿ ಬರ್ಲಿ, ನಂಗೇನೂ ಅವಸರ ಇಲ್ಲ," ಎಂದು ಕನಕಲಕ್ಷ್ಮಿ ಮಲ್ಲಿಗೆ ದಂಡೆಯನ್ನು ಎರಡು ತುಂಡು ಮಾಡಿ ಒಂದನ್ನು ಶಮೀಮಳ ಮುಂದಿಟ್ಟಳು. ಲಂಚ.

"ಮಳವಳ್ಳೀಲೂ ಮೆಕ್ಯಾನಿಕ್ ಇದ್ದಾರಲ್ಲ, ಇಷ್ಟು ದೂರ ಯಾಕೆ ಬರ್ತೀರಿ?"

"ಅಲ್ಲಿ ಕೂರೋಕೆ ಜಾಗ ಇಲ್ಲ ಕಣ್ರೀ."

ಶಮೀಮ್ ಹಲ್ಲು ಕಚ್ಚಿದಳು. ಆ ಹೊತ್ತಿಗೆ ಅವಳು ನಿರ್ಧರಿಸಿಯಾಗಿತ್ತು.

ಗಂಡ ಬಂದು ನಟ್ಟು ಬಿಗಿದು ಊಟಕ್ಕೆ ಕೂತ. ಕನಕಲಕ್ಷ್ಮಿ ಹಿತ್ತಿಲಿಗೆ ಕೈ ತೊಳೆಯಲು ಹೋದಳು. ಶಮೀಮ್ ಸ್ಪ್ಯಾನರ್ ಎತ್ತಿಕೊಂಡಳು. ಅವನ ಕೈಗೆ ಸಾಮಾನು ಕೊಟ್ಟು ಕೊಟ್ಟು ಅವಳಿಗೂ ಅಷ್ಟು ಬರುತ್ತಿತ್ತು. ನಟ್ಟು, ಕ್ಲಿಪ್ಪು ಎಲ್ಲವನ್ನೂ ಉಸಿರು ಬಿಗಿಹಿಡಿದು ತಿರುಗಿಸಿದಳು. ಮೇಲೆ ತಾಮ್ರದ ತಂತಿ ಸುತ್ತಿ ತಿರುಚಿದಳು. ತಂತಿ ಕತ್ತರಿಸದೆ ಇನ್ನು ಯಾವುದೂ ಅಲುಗದು. ಸೋರಿಕೆ ನಿಂತರೆ ಅವಳೂ ನಿಲ್ಲುತ್ತಾಳೆ. ಮನೆ ಉಳಿಯುತ್ತದೆ.

ಮುಂದಿನ ಶುಕ್ರವಾರ ರಸ್ತೆ ಮೌನವಾಗಿತ್ತು. ಗೌಸ್ ಪೀರ್ ಮಸೀದಿಗೆ ಹೋದ. ಶಮೀಮ್ ಹಾಯಾಗಿ ಒಲೆ ಹೊತ್ತಿಸಿದಳು.

ಅಷ್ಟರಲ್ಲಿ ಆ ಸದ್ದು.

ಕನಕಲಕ್ಷ್ಮಿ ಇಳಿಯುವ ಮೊದಲೇ ಶಮೀಮ್ ಕಾರಿನ ಬಾನೆಟ್ಟು ಎತ್ತಿದ್ದಳು. ಎಂಜಿನ್ನಿನ ಮೈ ತುಂಬ ಎಣ್ಣೆ. ತಂತಿ ತುಂಡಾಗಿತ್ತು, ಕತ್ತರಿಸಿದ ತುದಿ ಹೊಸದಾಗಿ ಹೊಳೆಯುತ್ತಿತ್ತು. ವಾರವಿಡೀ ಗೌಸ್ ಪೀರ್ ಈ ಕಾರನ್ನು ಕಣ್ಣಿಂದ ಕಂಡಿರಲಿಲ್ಲ. ಅವಳು ಕನಕಲಕ್ಷ್ಮಿಯ ಕೈ ಹಿಡಿದು ತಿರುಗಿಸಿದಳು. ಉಗುರುಗಳ ಸಂದಿಯಲ್ಲಿ ಕಪ್ಪು ಜಿಡ್ಡು.

"ನೀವೇ! ಪ್ರತಿ ವಾರ ನೀವೇ ಬಿಚ್ಚಿದ್ದು! ನನ್ನ ಗಂಡನ್ನ ನೋಡೋಕೆ ಇಷ್ಟು ಕಷ್ಟ ಪಡ್ತೀರಾ?"

ಕನಕಲಕ್ಷ್ಮಿ ಮೊದಲು ಬೆಪ್ಪಾಗಿ ನೋಡಿದಳು. ಆಮೇಲೆ ಅರ್ಥವಾಗಿ ಅವಳ ಮುಖ ಕಿವಿಯ ತನಕ ಕೆಂಪೇರಿತು.

"ಅಯ್ಯೋ ರಾಮ! ಆ ಮೇಸ್ತ್ರಿ ಹೆಸರೇನು ಅಂತಲೂ ನಂಗೆ ಗೊತ್ತಿಲ್ಲ."

"ಮತ್ತೆ?"

"ಶುಕ್ರವಾರದ ರಂಗೋಲಿ ಮೇಲೆ ಎಣ್ಣೆ ತೊಟ್ಟಿಕ್ಕಿದ್ರೆ ನಮ್ಮತ್ತೇನೇ ಬೈದು ಮಂಡ್ಯಕ್ಕೆ ಅಟ್ಟುತ್ತಾರೆ, ಶಮೀಮ್. ನಿಮ್ಮ ಜಗುಲೀಲಿ ಕೂತು, ನಿಮ್ಮ ಟೀ ಕುಡಿದು, ನಿಮ್ಮ ಜೊತೆ ಒಂದಿಷ್ಟು ನಕ್ಕು ಬರ್ತೀನಿ ಅಂದ್ರೆ ಕಳಿಸ್ತಾರೇನ್ರೀ?"