ಮೂರು ವರ್ಷದ ಟೈರು

ಸೈಕಲ್ ಅಂಗಡಿಯಲ್ಲಿ ಏಕನಾಥರು ತೆಳ್ಳನೆಯ ರೇಸ್ ಟೈರನ್ನು ಪಕ್ಕಕ್ಕಿಟ್ಟು, ದಪ್ಪ ಟೈರನ್ನು ಹೆಬ್ಬೆರಳಿನಿಂದ ಬಲವಾಗಿ ಒತ್ತಿದರು. ತೀರಿಕೊಂಡ ಹೆಂಡತಿ ಪದ್ಮಾಳ ಮಾಸಿಕಕ್ಕೆ ಪ್ರತಿ ತಿಂಗಳೂ ಅವರು ಫರೀದಾಬಾದಿನಿಂದ ದೆಹಲಿಯ ಮುನಿರ್ಕಾದಲ್ಲಿದ್ದ ಪುರೋಹಿತರ ಮನೆಗೆ ಸೈಕಲ್ಲಿನಲ್ಲೇ ಹೋಗುತ್ತಿದ್ದರು.

“ಹಗುರದ್ದೇ ಸಾಕಲ್ಲಪ್ಪಾ,” ಎಂದಳು ಮಗಳು ಮಯೂರಿ.

“ತಿಥಿ ಮಂಜು, ಮಳೆ ನೋಡ್ಕೊಂಡು ಬರೋದಿಲ್ಲಮ್ಮ. ಟೈರು ಎಲ್ಲಾನೂ ತಡ್ಕೋಬೇಕು.”

“ಇದು ಮೂರು ವರ್ಷ ಪಕ್ಕಾ, ಅಂಕಲ್‌ಜೀ,” ಎಂದ ಅಂಗಡಿಯವನು.

ಮಯೂರಿ ಹುಬ್ಬೇರಿಸಿದಳು. “ಮೂರು ವರ್ಷ ಯಾಕೆ? ಇನ್ನುಳಿದ ಏಳು ಮಾಸಿಕ ಮುಗಿದ ಮೇಲೆ ಸೈಕಲ್ಲೇ ಹತ್ತೋಲ್ಲ ಅಂತ ನೀವೇ ಅಂದಿದ್ರಲ್ವಾ?”

ಏಕನಾಥರು ಬೆರಳೆತ್ತಿದರು. ರಬ್ಬರಿನ ಮೇಲಿನ ತಗ್ಗು ಅವರು ನೋಡುತ್ತಿದ್ದಂತೆಯೇ ತುಂಬಿಕೊಂಡಿತು.

“ಅಂದಿದ್ದೆ,” ಎಂದರು. ಆಮೇಲೆ ಅಂಗಡಿಯವನ ಕಡೆ ತಿರುಗಿದರು. “ಭಯ್ಯಾ, ಎರಡು ಚಕ್ರಕ್ಕೂ ಇದನ್ನೇ ಹಾಕಿ.”