ಅತ್ತೆಯ ಬೆಲ್ಲದ ಹುಲಿ

ಟಕ್, ಟಕ್. ಮಹಾಲಿಂಗಪುರದ ನಮ್ಮ ಮನೆಯ ಕಲ್ಲುಕಟ್ಟೆಯ ಮೇಲೆ ಹುಣಸೆಬೀಜ ಸರಿಸುವ ಸದ್ದು ಅದು. ಇವತ್ತು ಮೊಮ್ಮಗಳು ವಿಡಿಯೋ ಗೇಮಿನ ಬಟನ್ ಒತ್ತುತ್ತ, "ಅಜ್ಜೀ, ಈ ವಿಲನ್ ಪ್ರತಿ ಪಾರ್ಟ್‌ನ್ಯಾಗೂ ಸೋಲ್ತಾನ, ಮುಂದಿನ ಪಾರ್ಟ್‌ನ್ಯಾಗ ಮತ್ತ ಬರ್ತಾನ" ಎಂದಾಗ ಅದೇ ಸದ್ದು ಕೇಳಿಸಿತು.

ನನ್ನ ವಿಲನ್ ಸೋದರತ್ತೆಯ ಹುಲಿ. ಹುಲಿ-ಕುರಿ ಆಟದಲ್ಲಿ ಹುಣಸೆಬೀಜಗಳು ನನ್ನ ಕುರಿಗಳು, ಅಂಟಂಟು ಬೆಲ್ಲದ ಚೂರು ಅವಳ ಹುಲಿ. ಆಟ ಗೆದ್ದವರು ಆ ಬೆಲ್ಲ ತಿನ್ನಬೇಕು. ಕಾನ್ವೆಂಟ್ ಬೋರ್ಡಿಂಗ್‌ನಿಂದ ನಾನು ಬಂದ ಪ್ರತಿ ಹಾಲಿಡೇಸ್‌ನಲ್ಲೂ ಅವಳೇ ತಿಂದಳು.

"ನಿನ್ನ ಕುರಿ ಇಂಗ್ಲಿಷ್ ಕಲ್ತಾವು, ಓಡೂದ ಮರ್ತಾವು!"

ಒಂದು ಬೇಸಿಗೆ ರಜೆಯ ಕೊನೆಯ ಮಧ್ಯಾಹ್ನ, ಬಸ್ಸಿಗೆ ಇನ್ನೊಂದು ತಾಸಿರುವಾಗ, ಹುಲಿಯನ್ನು ಮೂಲೆಗೆ ಕಟ್ಟಿಹಾಕಿದೆ. ಸುತ್ತಲೂ ಕುರಿ, ಹಾರಲು ಜಾಗವಿಲ್ಲ. ಐ ವಾಸ್ ಸೋ ಶ್ಯೂರ್! ಕೈ ಚಾಚಿದೆ. ಅತ್ತೆ ಬೆಲ್ಲ ಮುರಿದು ಅರ್ಧ ಮಾತ್ರ ನನ್ನ ಬಾಯಿಗಿಟ್ಟಳು.

"ಚೀಟಿಂಗ್, ಅತ್ತಿ! ಪೂರಾ ಕೊಡು!"

"ಪೂರಾ ಹುಲಿ ತಿಂದ್ರ ದೀಪಾವಳಿ ಸೂಟಿಗೆ ಊರಿಗೆ ಬಂದಾಗ ಯಾರ ಜೋಡಿ ಆಡ್ತಿ ಬೇ?" ಎಂದು ಉಳಿದರ್ಧವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಬಸ್ ಸ್ಟ್ಯಾಂಡಿನಲ್ಲಿ ಎಲ್ಲರೂ ಕೈ ಬೀಸಿದರು. ಅತ್ತೆ ಆ ಗಂಟನ್ನು ಎತ್ತಿ ಹಿಡಿದು, ನನ್ನ ಕಿಟಕಿಯತ್ತ ಹುಲಿಯಂತೆ ಹಲ್ಲು ತೋರಿಸಿದಳು. ಗೆದ್ದ ಜಂಬದಲ್ಲಿ ನಾನೂ ತೋರಿಸಿದೆ. ನಾನು ಅವಳನ್ನು ಕೊನೆಯ ಸಲ ನೋಡಿದ್ದು ಹಾಗೆ.