ಭಾನುವಾರದ ತೆಂಗಿನಕಾಯಿ

ಮೊನ್ನೆ ರಾಮಕುಂಜದ ನೆಂಟರ ಮನೆಯಲ್ಲಿ ನೀರು-ಬೆಲ್ಲ ತಂದಿಟ್ಟಾಗ, ಆ ಬೆಲ್ಲದ ವಾಸನೆಗೆ ಜರ್ಮನಿಯ ಒಂದು ಮಧ್ಯಾಹ್ನ ನೆನಪಾಯಿತು.

ನಾವು ಅಲ್ಲಿಗೆ ಹೋದ ಮೊದಲ ಚಳಿಗಾಲ. ಭಾನುವಾರ ಅಮ್ಮ ಅಡುಗೆಮನೆಯ ನೆಲದಲ್ಲಿ ಕೂತು ಕತ್ತಿಯ ಬೆನ್ನಿನಿಂದ ತೆಂಗಿನಕಾಯಿ ಒಡೆದಳು. ಅಲ್ಲಿಯವರೆಗೆ ಯಾರೂ ಒತ್ತದಿದ್ದ ನಮ್ಮ ಕರೆಗಂಟೆ ಸದ್ದು ಮಾಡಿತು. ಕೆಳಗಿನ ಮನೆಯ ಮುದುಕಿ ತುಟಿಗೆ ಬೆರಳಿಟ್ಟು ಏನೋ ಹೇಳಿದಳು. ಭಾಷೆ ಬಾರದ ಅಮ್ಮ "ಬನ್ನಿ, ಕೂತ್ಕೊಳ್ಳಿ" ಎಂದು ಊರಿನಿಂದ ತಂದ ಬೆಲ್ಲ, ನೀರು ಕೊಟ್ಟಳು. ಮುದುಕಿ ಬೆಲ್ಲವನ್ನು ನೀರಿಗೆ ಹಾಕಿ ಕಲಕಿ, ಕುಡಿದು ಹೋದಳು.

"ಭಾನುವಾರ ಇಲ್ಲಿ ಸದ್ದು ಮಾಡ್ಲಿಕ್ಕಿಲ್ಲ. ಅವರು ಬೈಲಿಕ್ಕೆ ಬಂದದ್ದು ಮಾರಾಯ್ತಿ," ಎಂದರು ಅಪ್ಪ.

"ಆದ್ರೂ ಮನೆಗೆ ಬಂದವರನ್ನು ಹಾಗೇ ಕಳಿಸುವ ಕ್ರಮ ಉಂಟಾ?"

ಮುಂದಿನ ಭಾನುವಾರ ಅಮ್ಮ ಮೊದಲು ಬೆಲ್ಲ ಪುಡಿ ಮಾಡಿ ತಟ್ಟೆಯಲ್ಲಿಟ್ಟಳು. ಆಮೇಲೆ ತೆಂಗಿನಕಾಯಿ ಒಡೆದಳು.